ಕೋಲಾರ ಅಂತ ಒತ್ತಿದರೆ ಇಂಗ್ಲಿಷ್ ಬರುತ್ತಿದೆ: ಬ್ರೈಲ್ ಡಿಸ್‌ಪ್ಲೇ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ತಮ್ಮ ಕೋಲಾರದಲ್ಲಿ ಬಿ.ಎ. ಮೊದಲ ವರ್ಷ ಓದುತ್ತಿದ್ದಾನೆ. ಹುಟ್ಟಿನಿಂದಲೇ ಕಣ್ಣು ಕಾಣಿಸುವುದಿಲ್ಲ. 20 ಸೆಲ್‌ನ ಬ್ರೈಲ್ ಡಿಸ್‌ಪ್ಲೇಯನ್ನು (ಚುಕ್ಕಿಗಳು ಮೇಲೆದ್ದು ಬೆರಳಿಗೆ ಸಿಗುವ ಸಾಧನ; ಒಂದು ಸೆಲ್ ಅಂದರೆ ಒಂದು ಬ್ರೈಲ್ ಅಕ್ಷರದ ಜಾಗ) ಲ್ಯಾಪ್‌ಟಾಪ್‌ಗೆ ಹಾಕಿ ಎನ್‌ವಿಡಿಎ ಅನ್ನುವ, ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶದ ಜೊತೆ ಬಳಸುತ್ತಾನೆ. ಕನ್ನಡ ಒತ್ತಿದರೆ ಇಂಗ್ಲಿಷ್ ಅಕ್ಷರ ಬೀಳುತ್ತಿದೆ. ನಿನ್ನೆ 'ಕೋಲಾರ' ಅಂತ ಒತ್ತಿದ. ಕೆ, ಓ, ಎಲ್, ಎ, ಆರ್, ಆರ್ ಅಂತ ಬಂತು. ಅದೂ ಸ್ಪೇಸ್ ಒತ್ತಿದ ಮೇಲೆ. ಇವನು ತಪ್ಪು ಒತ್ತುತ್ತಿದ್ದಾನಾ, ಡಿಸ್‌ಪ್ಲೇ ಕೆಟ್ಟಿದೆಯಾ? ಇನ್ನೊಂದು ವಿಷಯ. ತರಗತಿಯಲ್ಲಿ ಲ್ಯಾಪ್‌ಟಾಪ್ ಮಾತಾಡುತ್ತಲೇ ಇರುತ್ತದೆ. ಇಯರ್‌ಫೋನ್ ಹಾಕಿಕೊಂಡರೆ ಮೇಷ್ಟ್ರ ಪಾಠ ಕೇಳಿಸುವುದಿಲ್ಲ.

ಉತ್ತರ (ಬ್ರೈಲ್ ಶಿಕ್ಷಕಿ): ಮೊದಲು ತಮ್ಮನಿಗೆ ಹೇಳಿಬಿಡಿ, ಅವನ ಬೆರಳಲ್ಲಿ ಏನೂ ತಪ್ಪಿಲ್ಲ. ಎಷ್ಟೋ ಮಕ್ಕಳು ಇಲ್ಲೇ ಬೇಸರವಾಗಿ ಬ್ರೈಲ್ ಬಿಟ್ಟುಬಿಡುತ್ತಾರೆ. ನನಗೆ ತುಂಬಾ ನೋವಾಗುವುದು ಇದಕ್ಕೇ.

ಅವನು ಒತ್ತಿದ್ದನ್ನೇ ನೋಡಿ. ಬ್ರೈಲ್‌ನ ಆರು ಚುಕ್ಕಿಗಳಿಗೆ 1ರಿಂದ 6ರವರೆಗೆ ಸಂಖ್ಯೆ ಇರುತ್ತದೆ. ಕ ಅಂದರೆ 1-3 ಚುಕ್ಕಿ. ಓ 1-3-5, ಲ 1-2-3, ಆ 3-4-5, ರ 1-2-3-5. ಭಾರತದ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್ ಪ್ರಕಾರ ಅಚ್ಚುಕಟ್ಟಾದ 'ಕೋಲಾರ'. ಆದರೆ ನಿಮ್ಮ ಎನ್‌ವಿಡಿಎ ಅದನ್ನು ಇಂಗ್ಲಿಷ್ ಗ್ರೇಡ್ 2, ಅಂದರೆ ಸಂಕ್ಷೇಪಗಳಿರುವ ಬ್ರೈಲ್ ಅಂತ ತಿಳಿದುಕೊಳ್ಳುತ್ತಿದೆ. ಅದರಲ್ಲಿ 3-4-5 ಅಂದರೆ ಎ, ಆರ್ ಎರಡೂ ಸೇರಿದ ಸಂಕ್ಷೇಪ. ಅದಕ್ಕೇ ಕೊನೆಯಲ್ಲಿ ಆರ್ ಎರಡು ಸಲ ಬಂತು. ಗ್ರೇಡ್ 2ರಲ್ಲಿ ಪದ ಪೂರ್ತಿ ಆಗುವವರೆಗೆ ಎನ್‌ವಿಡಿಎ ಕಾಯುತ್ತದೆ. ಸ್ಪೇಸ್ ಒತ್ತಿದ ಮೇಲೇ ಅಕ್ಷರ ಬಿದ್ದಿದ್ದು ಹಾಗಾಗಿ.

ಇದನ್ನು ಸೆಟ್ಟಿಂಗ್‌ನಲ್ಲಿ ಬದಲಾಯಿಸಬೇಕು. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್‌ಸರ್ಟ್) ಜೊತೆ ಎನ್ ಒತ್ತಿ. ಪ್ರಿಫರೆನ್ಸಸ್, ಸೆಟ್ಟಿಂಗ್ಸ್, ಅಲ್ಲಿ ಬ್ರೈಲ್. ಟೇಬಲ್ ಅಂದರೆ ಯಾವ ಚುಕ್ಕಿಗೆ ಯಾವ ಅಕ್ಷರ ಅನ್ನುವ ಪಟ್ಟಿ. ಔಟ್‌ಪುಟ್ ಟೇಬಲ್, ಇನ್‌ಪುಟ್ ಟೇಬಲ್ ಅಂತ ಎರಡು ಇರುತ್ತವೆ. ಓದುವುದಕ್ಕೆ ಒಂದು, ಬರೆಯುವುದಕ್ಕೆ ಒಂದು. ಜಾಸ್ತಿ ಜನ ಮೊದಲನೆಯದನ್ನು ಬದಲಾಯಿಸಿ ಎರಡನೆಯದನ್ನು ಮರೆಯುತ್ತಾರೆ. ಎರಡನ್ನೂ ಕನ್ನಡಕ್ಕೆ ಹಾಕಿ. ಆಮೇಲೆ 'ಅಮ್ಮ' ಅಂತ ಬರೆಸಿ ನೋಡಿ: 1, ನಂತರ 4, ನಂತರ 1-3-4 ಎರಡು ಸಲ. ಒತ್ತಕ್ಷರದ ಗುರುತು 4ನೇ ಚುಕ್ಕಿ ಮುಂಚೆಯೇ ಬರಬೇಕು. ಸರಿಯಾಗಿ ಬಂದರೆ ಎನ್‌ವಿಡಿಎ, ಕಂಟ್ರೋಲ್, ಸಿ ಮೂರನ್ನೂ ಒಟ್ಟಿಗೆ ಒತ್ತಿ ಸೇವ್ ಮಾಡಿ.

ತರಗತಿಗೆ ಇಯರ್‌ಫೋನ್ ಬೇಡವೇ ಬೇಡ. ಎನ್‌ವಿಡಿಎ ಕೀ ಜೊತೆ ಎಸ್ ಒತ್ತುತ್ತಾ ಹೋಗಿ, ಸ್ಪೀಚ್ ಮೋಡ್ ಆಫ್ ಅಂತ ಬಂದಾಗ ನಿಲ್ಲಿಸಿ. ಮಾತು ನಿಲ್ಲುತ್ತದೆ, ಬ್ರೈಲ್ ನಡೆಯುತ್ತಲೇ ಇರುತ್ತದೆ. ಕಿವಿ ಮೇಷ್ಟ್ರಿಗೆ, ಬೆರಳು ಪುಸ್ತಕಕ್ಕೆ. ಮನೆಯಲ್ಲಿ ಮಾತು ಬೇಕು, ಆದರೆ ಒಂದೊಂದು ಅಕ್ಷರ ಹೇಳುವುದು ಬೇಡ ಅಂದರೆ ಎನ್‌ವಿಡಿಎ ಜೊತೆ 2 ಒತ್ತಿ ಅದನ್ನು ನಿಲ್ಲಿಸಬಹುದು. ಪದ ಪೂರ್ತಿ ಹೇಳಿಸಲು 3.

ಪ್ರಶ್ನೆ: ಮೇಡಂ, ಬಂತು! 'ಅಮ್ಮ' ಬಂದ ಕೂಡಲೇ ಅವನು ನಮ್ಮಮ್ಮನ ಕೈ ಹಿಡಿದು ಚುಕ್ಕಿಗಳ ಮೇಲೆ ಇಡಿಸಿದ. ಇನ್ನೊಂದೇ ಸಂದೇಹ. ಸ್ನೇಹಿತನೊಬ್ಬ ಬಿಆರ್‌ಎಫ್ ಫೈಲ್ ಕೊಟ್ಟಿದ್ದಾನೆ. ಅದನ್ನು ತೆರೆದರೆ ಏನೇನೋ ಚಿಹ್ನೆ ಓದುತ್ತದೆ. ಸಾಲುಗಳೂ ತುಂಡು ತುಂಡು.

ಉತ್ತರ: ಓದಿ ತುಂಬಾ ಸಂತೋಷವಾಯಿತು. ಬಿಆರ್‌ಎಫ್ ಅಂದರೆ ಈಗಾಗಲೇ ಬ್ರೈಲ್ ಆಗಿರುವ ಫೈಲ್. ಕನ್ನಡ ಟೇಬಲ್ ಅದನ್ನು ಇನ್ನೊಂದು ಸಲ ಬ್ರೈಲ್ ಮಾಡಲು ಹೊರಟರೆ ಕಲಸುಮೇಲೋಗರ ಆಗುತ್ತದೆ. ಅದನ್ನು ಓದುವಾಗ ಮಾತ್ರ ಔಟ್‌ಪುಟ್ ಟೇಬಲ್ ಅನ್ನು ಅಮೆರಿಕನ್ ಇಂಗ್ಲಿಷ್ 6 ಚುಕ್ಕಿ ಕಂಪ್ಯೂಟರ್ ಬ್ರೈಲ್‌ಗೆ ಬದಲಾಯಿಸಿ, ಮಾತು ನಿಲ್ಲಿಸಿ. ಮುಗಿದ ಮೇಲೆ ವಾಪಸ್ ಕನ್ನಡ.

ಸಾಲಿನ ಕಥೆ ಬೇರೆ. ಬಿಆರ್‌ಎಫ್ ಸಾಮಾನ್ಯವಾಗಿ ಕಾಗದದ ಮೇಲೆ ಅಚ್ಚು ಹಾಕುವ ಅಳತೆಗೆ ಮಾಡಿರುತ್ತಾರೆ: ಸಾಲಿಗೆ 40 ಸೆಲ್, ಪುಟಕ್ಕೆ 25 ಸಾಲು. ನಿಮ್ಮದು 20 ಸೆಲ್. ಪದ ತುಂಡಾಗದಂತೆ ಮುಂದೆ ತಳ್ಳುವ ವರ್ಡ್ ರ್‍ಯಾಪ್ ಆನ್ ಇದ್ದರೆ ಒಂದು ಸಾಲು ಎರಡಾಗುವ ಬದಲು ಮೂರಾಗಬಹುದು, ಮೂರನೆಯದರಲ್ಲಿ ಕೆಲವೇ ಅಕ್ಷರ. ಹಾಗಂತ ಅದನ್ನು ಆಫ್ ಮಾಡಬೇಡಿ, ಪದ ನಡುವೆ ಮುರಿದರೆ ಓದುವವರಿಗೆ ಇನ್ನೂ ಕಷ್ಟ. ಸ್ನೇಹಿತನ ಹತ್ತಿರ ಅದೇ ನೋಟ್ಸಿನ ಟೆಕ್ಸ್ಟ್ ಅಥವಾ ವರ್ಡ್ ಫೈಲ್ ಇದೆಯಾ ಕೇಳಿ. ಯೂನಿಕೋಡ್ ಕನ್ನಡ ಇದ್ದರೆ ಸಾಕು, ಎನ್‌ವಿಡಿಎ ತಾನೇ 20 ಸೆಲ್‌ಗೆ ಹೊಂದಿಸಿ ತೋರಿಸುತ್ತದೆ.