ಅರ್ಲಿ ಮಾರ್ನಿಂಗ್ ಪೈಪ್: ಜಾರ್‌ನಲ್ಲಿಟ್ಟ ಹಳೇದು ಸಪ್ಪೆ, ಹೊಸ ಟಿನ್ನು ನಾಲಿಗೆ ಸುಡ್ತಿದೆ, ಯಾಕೆ?

ಶೆಫೀಲ್ಡ್_ಕನ್ನಡಿಗ:
ನಮಸ್ಕಾರ ಎಲ್ರಿಗೂ. ಡನ್‌ಹಿಲ್ ಹೆಸರಲ್ಲಿ ಬರ್ತಿದ್ದ ಕಾಲದ ಅರ್ಲಿ ಮಾರ್ನಿಂಗ್ ಪೈಪ್ ಅನ್ನೋ ಪೈಪ್ ತಂಬಾಕು ಸ್ವಲ್ಪ ನನ್ನ ಹತ್ರ ಇದೆ, 2017ರಲ್ಲಿ ತಗೊಂಡು ಕಿಲ್ನರ್ ಜಾರ್‌ಗೆ (ರಬ್ಬರ್ ಗ್ಯಾಸ್ಕೆಟ್, ಕ್ಲಿಪ್ ಇರೋ ಗಾಜಿನ ಜಾರ್) ಹಾಕಿಟ್ಟಿದ್ದು. ಈಗ ಪೀಟರ್ಸನ್ ಹೆಸರಲ್ಲಿ ಬರೋ 50 ಗ್ರಾಂ ಟಿನ್ನೂ ತಂದು, ಎರಡನ್ನೂ ಪಕ್ಕಪಕ್ಕ ಸೇದಿ ನೋಡೋಣ, ಇಟ್ಟಿದ್ದಕ್ಕೆ ಏನು ವ್ಯತ್ಯಾಸ ಆಗಿದೆ ಅಂತ ಗೊತ್ತಾಗುತ್ತಲ್ಲ ಅಂದ್ಕೊಂಡೆ. ಆದ್ರೆ ಹಳೇದು ಪೂರ್ತಿ ಸಪ್ಪೆ, ಅದ್ರಲ್ಲಿರೋ ಲಟಾಕಿಯಾದ (ಹೊಗೆ ಹಾಕಿ ಮಾಡಿದ ತಂಬಾಕು) ಹೊಗೆವಾಸನೆ ಎಲ್ಲೋ ದೂರದಲ್ಲಿ ಇದ್ದಂಗಿದೆ, ಭರಭರ ಅಂತ ಉರಿದು ಮುಗಿದೇ ಹೋಗುತ್ತೆ. ಹೊಸದಕ್ಕೆ ಮತ್ತೆ ಮತ್ತೆ ಬೆಂಕಿ ಹಚ್ಚಬೇಕು, ಅರ್ಧ ಬೌಲ್ ಆಗೋಷ್ಟ್ರಲ್ಲಿ ನಾಲಿಗೆ ತುದಿ ಚುರುಚುರು. ಮೈಲ್ಡ್ ಬ್ಲೆಂಡ್ (ಬೇರೆಬೇರೆ ತಂಬಾಕಿನ ಮಿಶ್ರಣ) ಅಂತಾನೇ ನಾನು ಇದನ್ನ ಹಿಡ್ಕೊಂಡಿರೋದು, ಅದೇ ಹಿಂಗಾದ್ರೆ ಹೆಂಗೆ? ಬ್ಲೆಂಡೇ ಬದಲಾಗಿದ್ಯಾ, ಇಲ್ಲ ಹಳೇದು ಹಾಳಾಗಿದ್ಯಾ? ಇನ್ನೊಂದು, ಬೇರೆ ಜಾರ್‌ನಲ್ಲಿರೋ ಸ್ಕಿಫ್ ಮಿಕ್ಸ್ಚರ್ ಅನ್ನೋ ಇನ್ನೊಂದು ಬ್ಲೆಂಡ್ ಮೇಲೆ ಸಣ್ಣಸಣ್ಣ ಬಿಳಿ ಚುಕ್ಕೆ ಕಾಣ್ತಿದೆ, ಬೂಷ್ಟು ಇರಬಹುದಾ ಅಂತ ಭಯ.

ಬ್ರಯರ್_ಭಟ್:
ಮಾರಾಯ್ರೆ, ಬ್ಲೆಂಡಿನ ಮೇಲೆ ಅನುಮಾನ ಪಡೋ ಮೊದಲು ತೇವ ನೋಡಿ. ನೀವು ಹೇಳಿರೋ ಲಕ್ಷಣ ಎಲ್ಲಾ ಅದರದ್ದೇ. ಒಣಗಿದ್ದು ಬೇಗ ಉರಿಯುತ್ತೆ, ಪರಿಮಳ ಬಿಡಲ್ಲ. ಒದ್ದೆ ಇದ್ದಿದ್ದು ನಂದಿ ಹೋಗುತ್ತೆ, ನಂದಿತು ಅಂತ ಜೋರಾಗಿ ಎಳೀತೀರಿ, ಆಗ ಬಾಯಿಗೆ ಬರೋದು ಹೊಗೆ ಜೊತೆ ಬಿಸಿ ಆವಿ, ನಾಲಿಗೆ ಸುಡೋದು ಆ ಆವಿಗೆ.

2017ರಿಂದೀಚೆಗೆ ಮಾಡೋರು ಬದಲಾಗಿಲ್ಲ. ಮುಂಚೆ ಬೆಲ್‌ಫಾಸ್ಟ್‌ನ ಮರ್ರೀಸ್‌ನವರು ಮಾಡ್ತಿದ್ರು, ಆಮೇಲೆ ಡೆನ್ಮಾರ್ಕ್‌ಗೆ ಹೋಯ್ತು, 2018ರಲ್ಲಿ ಡನ್‌ಹಿಲ್ ಹೆಸರಿನ ಪೈಪ್ ತಂಬಾಕು ನಿಂತ ಮೇಲೆ ಅದೇ ಡೆನ್ಮಾರ್ಕ್‌ನಿಂದ ಪೀಟರ್ಸನ್ ಹೆಸರಲ್ಲಿ ಬರ್ತಿದೆ. ಹಂಗಾಗಿ ನಿಮ್ಮ 2017ರದ್ದಕ್ಕೂ ಈಗಿನದಕ್ಕೂ ಹೋಲಿಕೆ ಮಾಡೋದ್ರಲ್ಲಿ ಅರ್ಥ ಇದೆ. ಮರ್ರೀಸ್ ಕಾಲದ ಟಿನ್ ಆಗಿದ್ರೆ ಬೇರೆ ಮಾತು.

ಎರಡು ಪ್ರಶ್ನೆ. ಜಾರ್‌ನ ರಬ್ಬರ್ ಗ್ಯಾಸ್ಕೆಟ್ ಎಷ್ಟು ಹಳೇದು? ಎರಡನ್ನೂ ಒಂದೇ ಪೈಪ್‌ನಲ್ಲಿ ಸೇದಿದ್ರಾ?

ಶೆಫೀಲ್ಡ್_ಕನ್ನಡಿಗ:
ಗ್ಯಾಸ್ಕೆಟ್ ಜಾರ್ ಜೊತೆಗೇ ಬಂದಿದ್ದು ಸರ್. ಈಗ ಬಿಚ್ಚಿ ಬೆಳಕಿಗೆ ಹಿಡಿದು ಎಳೆದು ನೋಡಿದೆ, ಕ್ಲಿಪ್ ಒತ್ತೋ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕಿದೆ! ಪೈಪ್ ಬೇರೆಬೇರೆ, ಹಳೇದಕ್ಕೆ ಒಂದು ಬಿಲಿಯರ್ಡ್ ಆಕಾರದ ಪೈಪು, ಹೊಸದಕ್ಕೆ ಯಾವಾಗ್ಲೂ ನೈಟ್‌ಕ್ಯಾಪ್ ಅನ್ನೋ ಬ್ಲೆಂಡ್ ಸೇದೋ ಪೈಪು.

ಬ್ರಯರ್_ಭಟ್:
ಅಲ್ಲಿಗೆ ಗೊತ್ತಾಯ್ತಲ್ಲ. ಬಿರುಕಲ್ಲಿ ತೇವ ನಿಧಾನಕ್ಕೆ ಹೋಗಿದೆ, ತೇವದ ಜೊತೆ ಘಮನೂ ಹೋಗಿದೆ. ನೈಟ್‌ಕ್ಯಾಪ್‌ನಲ್ಲಿ ಲಟಾಕಿಯಾ ಜಾಸ್ತಿ, ಪೆರೀಕ್ ಅನ್ನೋ ಕಟು ತಂಬಾಕು ಬೇರೆ ಇದೆ, ಪೈಪಿನ ಬ್ರಯರ್ ಮರ ಅದನ್ನೆಲ್ಲ ಹೀರ್ಕೊಂಡಿರುತ್ತೆ, ಅದ್ರಲ್ಲಿ ಮೈಲ್ಡ್ ಬ್ಲೆಂಡ್ ಹಾಕಿದ್ರೆ ನಿಮಗೆ ಸಿಗೋ ರುಚಿಯಲ್ಲಿ ಪಾಲು ಆ ಪೈಪಿಂದೇ. ಹೋಲಿಸಬೇಕು ಅಂದ್ರೆ ಎರಡು ಹೊಸ ಕಾರ್ನ್‌ಕಾಬ್ (ಮೆಕ್ಕೆಜೋಳದ ದಿಂಡಿನ ಪೈಪ್) ತಗೊಳ್ಳಿ, ಒಂದೇ ಸೈಜಿಂದು, ಇಲ್ಲ ಮೀರ್‌ಶಾಮ್ (ಬಿಳಿ ಖನಿಜದ ಪೈಪ್) ಇದ್ರೆ ಇನ್ನೂ ಒಳ್ಳೇದು.

ಪಿರಿಯಾಪಟ್ಣ_ಹುಡ್ಗ:
ನಾನು ಪೈಪ್ ಸೇದಲ್ಲ ಅಣ್ಣ, ಆದ್ರೆ ನಮ್ಮನೇಲಿ ವರ್ಜೀನಿಯಾ ಹೊಗೆಸೊಪ್ಪು ಬೆಳೀತಾರೆ, ಎಲೆ ಬೇಯಿಸೋ ಬ್ಯಾರನ್ ಇದೆ, ಅದಕ್ಕೆ ತೇವದ ಬಗ್ಗೆ ಒಂದು ಮಾತು. ಬ್ಯಾರನ್‌ನಲ್ಲಿ ಬೇಯಿಸಿ ಮುಗಿದಾಗ ಎಲೆ ಎಷ್ಟು ಗರಿಗರಿ ಇರುತ್ತೆ ಅಂದ್ರೆ ಮುಟ್ಟಿದ್ರೆ ಪುಡಿ, ಆಗ ಬಾಗಿಲು ತೆಗೆದಿಟ್ಟು ರಾತ್ರಿ ಗಾಳಿಯ ತೇವ ಕುಡಿಯೋಕೆ ಬಿಡ್ತೀವಿ, ಬೆಳಗಿನ ಹೊತ್ತಿಗೆ ಹದಕ್ಕೆ ಬರುತ್ತೆ, ಆಮೇಲೇ ಇಳಿಸೋದು. ನೀರು ಚಿಮುಕಿಸಿದ್ರೆ ಅಲ್ಲಲ್ಲಿ ಒದ್ದೆಯಾಗಿ ಬೇಲ್ ಕಟ್ಟಿದ್ಮೇಲೆ ಬೂಷ್ಟು ಬರುತ್ತೆ. ನೀವೂ ಹಳೇದಕ್ಕೆ ನೇರ ನೀರು ಹಾಕಬೇಡಿ, ತೇವ ಗಾಳಿಯಿಂದಾನೇ ಹೋಗಬೇಕು.

ಬ್ರಯರ್_ಭಟ್:
ಈ ತಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಶೆಫೀಲ್ಡ್‌ನವರೇ, ಹೀಗೆ ಮಾಡಿ. ಗಾಳಿಯಾಡದ ದೊಡ್ಡ ಡಬ್ಬ ಒಂದು ತಗೊಂಡು ಅದ್ರಲ್ಲಿ ಎರಡು ಸಣ್ಣ ಗಾಜಿನ ಬಟ್ಟಲು ಇಡಿ, ಒಂದ್ರಲ್ಲಿ ಹಳೇದು, ಒಂದ್ರಲ್ಲಿ ಹೊಸದು, ಮಧ್ಯೆ 62 ಶೇಕಡಾದ ಬೋವೇಡಾ ಪ್ಯಾಕೆಟ್ (ಡಬ್ಬದೊಳಗಿನ ಗಾಳಿಯ ತೇವ ಒಂದೇ ಮಟ್ಟದಲ್ಲಿ ಇಡೋದು), ಮುಚ್ಚಿ ಒಂದು ವಾರ ಬಿಡಿ. ಒಣಗಿದ್ದು ತೇವ ತಗೊಳುತ್ತೆ, ಒದ್ದೆದು ಬಿಡುತ್ತೆ, ಎರಡೂ ಒಂದೇ ಹದಕ್ಕೆ ಬರ್ತಾವೆ. ಚಿಟಿಕೆ ತಗೊಂಡು ಬೆರಳಲ್ಲಿ ಒತ್ತಿ ಬಿಟ್ರೆ ಮೆಲ್ಲಗೆ ಬಿಚ್ಕೋಬೇಕು, ಉಂಡೆಯಾಗೇ ಉಳಿದ್ರೆ ಇನ್ನೂ ಒದ್ದೆ, ಚಟಚಟ ಅಂದ್ರೆ ಒಣಗಿದೆ. ಒಂದೇ ಡಬ್ಬದಲ್ಲಿದ್ರೆ ಒಂದರ ವಾಸನೆ ಇನ್ನೊಂದಕ್ಕೆ ಸ್ವಲ್ಪ ಹೋಗೇ ಹೋಗುತ್ತೆ, ಒಂದೇ ಬ್ಲೆಂಡ್ ಆದ್ದರಿಂದ ನಡೆಯುತ್ತೆ, ಬರೀ ವರ್ಜೀನಿಯಾನ ಮಾತ್ರ ಲಟಾಕಿಯಾ ಜೊತೆ ಹೀಗೆ ಇಡಲೇಬೇಡಿ. ಹೋದ ಘಮ ಪೂರ್ತಿ ವಾಪಸ್ ಬರಲ್ಲ, ಅದನ್ನೂ ಹೇಳ್ಬಿಡ್ತೀನಿ.

ಬಿಳಿ ಚುಕ್ಕೆ ವಿಷಯ: ಟಾರ್ಚ್ ಬೆಳಕಲ್ಲಿ ಓರೆಯಾಗಿ ನೋಡಿ. ಮಿಣಮಿಣ ಹೊಳೆಯೋ ಚಪ್ಪಟೆ ಹರಳಾಗಿದ್ರೆ ಭಯ ಬೇಡ, ಇಟ್ಟ ತಂಬಾಕಲ್ಲಿ ಅದು ಬರೋದೇ. ಹತ್ತಿ ಥರ ನವಿರು ನವಿರಾಗಿದ್ದು, ಮಳೆಗಾಲದಲ್ಲಿ ಮುಚ್ಚಿಟ್ಟ ಕೋಣೆ ವಾಸನೆ ಬಂದ್ರೆ ಬೂಷ್ಟು, ಆಗ ಮೇಲಿಂದು ಮಾತ್ರ ತೆಗೆಯೋದಲ್ಲ, ಇಡೀ ಜಾರ್ ಎಸೀಬೇಕು, ಅದನ್ನ ಸೇದಬಾರದು.

ಕೊಡಗು_ಕಾಬ್:
ಏಜಿಂಗ್ ಅಂದ್ರೆ ವರ್ಷಗಟ್ಟಲೆ ಇಡೋದ್ರ ಬಗ್ಗೆ ನಂದೊಂದು ಅಭಿಪ್ರಾಯ. ಇದರಂಥ ಲೈಟ್ ಇಂಗ್ಲಿಷ್ ಬ್ಲೆಂಡ್‌ನ (ಲಟಾಕಿಯಾ ಹಗುರವಾಗಿರೋದು) ಇಟ್ಟಷ್ಟೂ ಒಳ್ಳೇದು ಅನ್ನೋದನ್ನ ನಾನು ಒಪ್ಪಲ್ಲ. ಸಕ್ಕರೆ ಅಂಶ ಜಾಸ್ತಿ ಇರೋದು ವರ್ಜೀನಿಯಾದಲ್ಲಿ, ವರ್ಷ ಕಳೆದಂಗೆ ದುಂಡಗಾಗೋದು ಅದೇ. ಲಟಾಕಿಯಾ ಹಂಗಲ್ಲ, ಮೊದಲು ಸಿರಿಯಾದಿಂದ್ಲೂ ಬರ್ತಿತ್ತು, ಈಗ ಸಿಗೋದು ಸೈಪ್ರಸ್‌ದು, ಎಲ್ಲಿದಾದ್ರೂ ಕಟ್ಟಿಗೆ, ಪೊದೆ ಸುಟ್ಟು ಹೊಗೆ ಹಾಕಿ ಮಾಡಿದ್ದು, ಆ ಹೊಗೆಯ ಚೂಪು ಕಾಲ ಹೋದಂಗೆ ಇಳಿಯುತ್ತೆ. ಅರ್ಲಿ ಮಾರ್ನಿಂಗ್‌ನಲ್ಲಿ ಲಟಾಕಿಯಾ ಇರೋದೇ ಹಗುರವಾಗಿ, ಹತ್ತು ವರ್ಷ ಇಟ್ರೆ ಓರಿಯೆಂಟಲ್ ತಂಬಾಕಿನ ಹುಳಿಮಿಶ್ರಿತ ಘಮ, ವರ್ಜೀನಿಯಾದ ಸಿಹಿ ಮುಂದೆ ಬಂದು ಹೊಗೆ ಹಿಂದೆ ಸರಿಯುತ್ತೆ. ಅದು ಇಷ್ಟ ಆದ್ರೆ ಇಡಿ, ಲಟಾಕಿಯಾಗೋಸ್ಕರ ಸೇದೋರು ನಾಲ್ಕೈದು ವರ್ಷದೊಳಗೆ ಮುಗಿಸಿ. ರುಚಿ ಮೆತ್ತಗಾಯ್ತು ಅಂದ್ರೆ ಹಾನಿ ಕಮ್ಮಿ ಆಯ್ತು ಅಂತ ಮಾತ್ರ ತಿಳ್ಕೋಬೇಡಿ, ಹೊಸಬರಿಗೆ ಈ ತಪ್ಪು ಕಲ್ಪನೆ ಇದೆ. ಇಟ್ಟ ಜಾರ್‌ನ ಸುಮ್ನೆ ಬಿಡಿ, ಉಪ್ಪಿನಕಾಯಿ ಭರಣಿ ಬಾಯಿ ದಿನಾ ತೆಗೆದ್ರೆ ಏನಾಗುತ್ತೋ ಅದೇ ಇಲ್ಲೂ ಆಗೋದು. ಒಂದು ದೊಡ್ಡ ಜಾರ್‌ಗಿಂತ ಸಣ್ಣ ನಾಲ್ಕು ವಾಸಿ, ಒಂದು ತೆಗೆದ್ರೂ ಮೂರು ಹಾಗೇ ಇರ್ತಾವೆ.

ಶೆಫೀಲ್ಡ್_ಕನ್ನಡಿಗ:
ಅಪ್ಡೇಟ್. ಡಬ್ಬದಲ್ಲಿಟ್ಟು ಹದ ಮಾಡಿ, ಎರಡು ಕಾಬ್‌ನಲ್ಲಿ ಸೇದಿದೆ. ಹೊಸದು ನಾಲಿಗೆ ಸುಡೋದು ನಿಂತೇ ಹೋಯ್ತು, ಮೊದಲು ಲಟಾಕಿಯಾ, ಆಮೇಲೆ ಹುಲ್ಲಿನ ಥರ ಹಸಿ ಸಿಹಿ, ಎರಡೂ ಬಿಡಿಬಿಡಿಯಾಗಿ ಗೊತ್ತಾಗುತ್ತೆ. ಹಳೇದ್ರಲ್ಲಿ ಹೊಗೆವಾಸನೆ ಕಮ್ಮೀನೇ, ಆದ್ರೆ ಸಪ್ಪೆ ಅನ್ನಿಸ್ತಿಲ್ಲ, ಎಲ್ಲಾ ಬೆರೆತುಹೋಗಿದೆ, ಕೊನೇ ಭಾಗದಲ್ಲಿ ಖರ್ಜೂರದ ಥರ ಒಂದು ಸಿಹಿ ಬಂತು, ಅದು ಹೊಸದ್ರಲ್ಲಿ ಇಲ್ವೇ ಇಲ್ಲ. ನನಗೆ ಹಳೇದೇ ಹಿಡಿಸ್ತು. ಸ್ಕಿಫ್ ಮೇಲಿನ ಚುಕ್ಕೆ ಹರಳೇ, ಬೂಷ್ಟಲ್ಲ. ಗ್ಯಾಸ್ಕೆಟ್ ಎಲ್ಲಾ ಹೊಸದು ತರಿಸಿದೀನಿ. ಜಾರ್‌ಗಳನ್ನ ಅಟ್ಟದ ಮೇಲೆ ಇಡಬಹುದಾ? ಅಲ್ಲಿ ಕತ್ತಲೆ ಇದೆ.

ಬ್ರಯರ್_ಭಟ್:
ಅಟ್ಟ ಬೇಡ, ನಿಮ್ಮ ಕಡೆ ಬೇಸಿಗೇಲಿ ಹಂಚಿನ ಕೆಳಗೆ ಕಾದುಹೋಗುತ್ತೆ, ಚಳಿಗಾಲದಲ್ಲಿ ಕೊರೆಯುತ್ತೆ, ಆ ಏರಿಳಿತ ಒಳ್ಳೇದಲ್ಲ. ಮೆಟ್ಟಿಲ ಕೆಳಗಿನ ಕಪಾಟು ಇದ್ರೆ ಅಲ್ಲಿಡಿ, ಮಕ್ಕಳಿದ್ರೆ ಬೀಗ ಹಾಕಿ. ಹೊಸ ಗ್ಯಾಸ್ಕೆಟ್ ಹಾಕಿದ ಜಾರ್‌ಗೆ ಮೊದಲು ನೀರು ತುಂಬಿ ರಾತ್ರಿಯಿಡೀ ಸಿಂಕಲ್ಲಿ ತಲೆಕೆಳಗಾಗಿ ನಿಲ್ಲಿಸಿ ನೋಡಿ, ಒಂದು ಹನಿ ಸೋರಿದ್ರೂ ಅದಕ್ಕೆ ತಂಬಾಕು ಹಾಕಬೇಡಿ. ಸೋರದಿದ್ರೆ ಚೆನ್ನಾಗಿ ಒಣಗಿಸಿ ತುಂಬಿ, ಮೇಲೆ ಬ್ಲೆಂಡ್ ಹೆಸರು, ತುಂಬಿದ ತಾರೀಖು ಬರೆದಿಡಿ.