ಗಿಟಾರ್ ಕಟ್ಟುವಾಗ ಸ್ಯಾಡಲ್ ಎಷ್ಟು ದಪ್ಪ ಇಟ್ಟಿರಿ? ಮಾಡಿದವರು ಅನುಭವ ಹೇಳಿ

ಮಂಡ್ಯದ ಹೊಸಬ:
ನಮಸ್ಕಾರ. ಇದು ನನ್ನ ಮೊದಲ ಗಿಟಾರ್. ಓಎಂ ಅಳತೆ (ಮಧ್ಯಮ ಗಾತ್ರದ ಬಾಡಿ), 645 ಮಿ.ಮೀ. ಸ್ಕೇಲ್ (ನುಡಿಯುವ ತಂತಿಯ ಉದ್ದ), 12-53 ತಂತಿ (ಇಂಚಿನ ಸಾವಿರದ ಭಾಗದಲ್ಲಿ ದಪ್ಪ). ಬಾಡಿ ಮುಚ್ಚಿದೆ, ನೆಕ್ ಕೂತಿದೆ. ಬೀಟೆಯಲ್ಲಿ ಬ್ರಿಡ್ಜ್ ಕೆತ್ತಿ ಇಟ್ಟಿದ್ದೇನೆ, ಸ್ಯಾಡಲ್ (ತಂತಿ ಕೂರುವ ಮೂಳೆಯ ಪಟ್ಟಿ) ಸಿಕ್ಕಿಸುವ ಸ್ಲಾಟ್ ಮಾತ್ರ ಕೊರೆದಿಲ್ಲ. ದಪ್ಪ 2.4 ಮಿ.ಮೀ. ಇಡಲಾ, 3.2 ಇಡಲಾ, 4.8 ಇಡಲಾ, ಇಲ್ಲ 6.35ಕ್ಕೇ ಹೋಗಲಾ ಎಂದು ಮೂರು ವಾರದಿಂದ ಕೈಯೇ ಓಡುತ್ತಿಲ್ಲ. ಪಿಕಪ್ (ಸ್ಯಾಡಲ್ ಕೆಳಗೆ ಇಟ್ಟು ಸದ್ದನ್ನು ಸ್ಪೀಕರ್‌ಗೆ ಕಳಿಸುವ ಪಟ್ಟಿ) ಹಾಕುವುದಿಲ್ಲ. ನನ್ನ ಹತ್ತಿರ ಇರುವುದು ಒಂದು ಸಣ್ಣ ಟ್ರಿಮ್ ರೂಟರ್ (ಮರ ಕೊರೆಯುವ ಯಂತ್ರ) ಅಷ್ಟೇ. ದಯವಿಟ್ಟು ಹೇಳಿ.

ಶಿರಸಿ ಮರಗೆಲಸ:
2.4ರ ತಂಟೆಗೆ ಹೋಗಬೇಡಿ. ನಾನು ಹೋಗಿ ಒಂದು ವರ್ಷ ಕಳೆದುಕೊಂಡೆ.

ಅಮೆರಿಕದ ಮಾರ್ಟಿನ್ ಕಂಪನಿಯ ಹಳೇ ಗಿಟಾರ್‌ಗಳಲ್ಲಿ 2.4 ಇದೆ, ಹಾಗಾಗಿ ಅದೇ ಸರಿ ಎಂದು ನಂಬಿದ್ದೆ. ಆ ಅಳತೆಯ ರೂಟರ್ ಬಿಟ್ ಶಿರಸಿಯಲ್ಲೂ ಸಿಗಲಿಲ್ಲ, ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ಹೊರಗಿನಿಂದ ಎರಡು ತರಿಸಿದೆ. ಸಾಗಣೆ, ಸುಂಕ ಎಲ್ಲ ಸೇರಿ ಒಂದಕ್ಕೆ 1,900 ರೂಪಾಯಿ ಬಿತ್ತು. ಮೊದಲನೆಯದು ಬೀಟೆಗೆ ತಾಗಿಸಿದ ಎರಡನೇ ಓಟಕ್ಕೇ ಮುರಿಯಿತು. ಒಂದೇ ಸಲಕ್ಕೆ 2 ಮಿ.ಮೀ. ಇಳಿಸಿದ್ದು ನನ್ನ ತಪ್ಪು. ಎರಡನೆಯದನ್ನು ಅರ್ಧರ್ಧ ಮಿ.ಮೀ. ಇಳಿಸುತ್ತಾ ಹೋದೆ. 4 ಮಿ.ಮೀ. ಆಳಕ್ಕೆ ಬಂದಾಗ ಬಿಟ್ ಕಿರುಗುಟ್ಟಿತು. ಇದೂ ಮುರಿದರೆ ಏನು ಗತಿ ಎಂದು ಅಲ್ಲೇ ನಿಲ್ಲಿಸಿಬಿಟ್ಟೆ.

ನಾನು ಎಡವಿದ್ದು ಅಲ್ಲೇ. ಮೂಳೆ ಒಳಗೆ 4, ಹೊರಗೆ 6. ಆರು ತಂತಿ ಸೇರಿ 70 ಕೆ.ಜಿ.ಗೂ ಜಾಸ್ತಿ ಎಳೆತ. ತೆಳ್ಳಗಿನ ಮೂಳೆ ದಿನಾ ಒಂದಿಷ್ಟು ಮುಂದಕ್ಕೆ ವಾಲುತ್ತಾ ಬಂತು. ಆಷಾಢದ ಮಳೆಗೆ ಮೇಲಿನ ಹಲಗೆ ಬೇರೆ ಉಬ್ಬಿತು. ಒಂದು ರಾತ್ರಿ ಒಳಗಿನ ಕೋಣೆಯಿಂದ ಟಪ್ ಎಂದು ಶಬ್ದ. ಬೆಳಿಗ್ಗೆ ನೋಡಿದರೆ ಸ್ಲಾಟಿನ ಮುಂದಿನ ಗೋಡೆ ಉದ್ದಕ್ಕೂ ಸೀಳಿತ್ತು.

ಇಸ್ತ್ರಿ ಪೆಟ್ಟಿಗೆಯಿಂದ ಬಿಸಿ ಮಾಡಿ ಬ್ರಿಡ್ಜ್ ಎಬ್ಬಿಸಿದೆ. ಮೇಲಿನ ಹಲಗೆಯ ಸ್ಪ್ರೂಸ್ ನಾರು ಎರಡು ಬೆರಳಗಲ ಕಿತ್ತು ಬಂತು. ಆ ಗಾಯ ತುಂಬಿಸಲು ನಾಲ್ಕು ಭಾನುವಾರ ಹೋದವು. ಬಿಟ್‌ಗೆ 3,800, ಮೂಳೆಗೆ 700, ಸ್ಪ್ರೂಸ್ ತುಂಡು ತರಿಸಲು 1,450, ಬೆಂಗಳೂರಿಗೆ ಎರಡು ಸಲ ಬಸ್ಸು. ಹೋದ ಬ್ರಿಡ್ಜ್ ಅಜ್ಜನ ಮನೆಯ ಬಾಗಿಲ ಚೌಕಟ್ಟಿನ ಬೀಟೆ. ಅದಕ್ಕೆ ಬೆಲೆ ಕಟ್ಟಲು ನನಗೆ ಮನಸ್ಸಿಲ್ಲ.

ಈಗ 3.2. ಬ್ರಿಡ್ಜ್ ದಪ್ಪ 9.5, ಸ್ಲಾಟ್ ಆಳ 6, ಮೂಳೆ ಮೇಲೆ ಕಾಣುವುದು 3 ಮಾತ್ರ. ನಾಲ್ಕು ಮಳೆಗಾಲ ಕಳೆದಿದೆ. ಕೂದಲೆಳೆಯಷ್ಟೂ ಅಲುಗಿಲ್ಲ.

ಬಸವನಗುಡಿ ಶ್ರುತಿ:
ಅಲುಗಿಲ್ಲ ಸರಿ. ಶ್ರುತಿ ನಿಂತಿದೆಯಾ? ಅದನ್ನು ಯಾರೂ ಹೇಳುವುದಿಲ್ಲ.

ನಾನು ಹದಿನಾಲ್ಕು ವರ್ಷ ಹಾಡು ಕಲಿತವಳು. ನನ್ನ ಮೊದಲ ಗಿಟಾರಿಗೆ 3.2 ಇಟ್ಟೆ. ಬಿ ತಂತಿ 12ನೇ ಫ್ರೆಟ್‌ನಲ್ಲಿ 4 ಸೆಂಟ್ ಏರು (ನೂರು ಸೆಂಟ್ ಸೇರಿದರೆ ಒಂದು ಅರ್ಧಸ್ವರ). 645 ಸ್ಕೇಲ್‌ನಲ್ಲಿ ಸ್ಯಾಡಲ್ 1 ಮಿ.ಮೀ. ಹಿಂದೆ ಹೋದರೆ ಸಿಗುವುದು ಸುಮಾರು 2.7 ಸೆಂಟ್. ಅಂದರೆ ಬಿ ತಂತಿ ಇನ್ನೂ ಒಂದೂವರೆ ಮಿ.ಮೀ. ಹಿಂದೆ ಕೂರಬೇಕಿತ್ತು. ಅಲ್ಲಿ ಮೂಳೆಯೇ ಇರಲಿಲ್ಲ. ಎರಡು ವರ್ಷ ಆ ತಂತಿಯನ್ನು ಇಳಿಸಿ ಏರಿಸಿ ನುಡಿಸಿದೆ. ಡಿ ಸ್ವರಮೇಳ ಸರಿ ಮಾಡಿದರೆ ಜಿ ಕೆಡುತ್ತಿತ್ತು. ಕೊನೆಗೆ ಅದನ್ನು ಪೆಟ್ಟಿಗೆಯಿಂದ ತೆಗೆಯುವುದನ್ನೇ ಬಿಟ್ಟೆ.

ಎರಡನೆಯದಕ್ಕೆ 6.35 ಇಟ್ಟೆ. ಪ್ರತಿ ತಂತಿಗೂ ಅದರದೇ ಜಾಗ. 645ಕ್ಕಿಂತ ಎಷ್ಟು ಮಿ.ಮೀ. ಹಿಂದೆ ಎಂದು ಬರೆಯುತ್ತೇನೆ: ಸಣ್ಣ ಇ 2.0, ಬಿ 3.4, ಜಿ 2.3, ಡಿ 3.0, ಎ 3.8, ದಪ್ಪ ಇ 4.9. ಜಿಗೆ ಸುತ್ತು ತಂತಿ, ಅದರ ಒಳಗಿನ ಎಳೆ ಸಣ್ಣದು. ಬಿ ಬರೀ ಉಕ್ಕು, ದಪ್ಪ. ಅದಕ್ಕೇ ಬಿ ಹಿಂದೆ, ಜಿ ಮುಂದೆ.

ಇದಕ್ಕೆ ಪಟ್ಟ ಪಾಡು ಕಡಿಮೆ ಅಲ್ಲ. ಅಷ್ಟು ದಪ್ಪದ ಮೂಳೆ ಒಂದಕ್ಕೆ 850 ರೂಪಾಯಿ, ಮೂರು ಹಾಳು ಮಾಡಿದೆ. ಮೊದಲನೆಯದರ ತಲೆ ಚಪ್ಪಟೆ ಉಳಿಯಿತು. ತಂತಿ ಒಂದು ಗೆರೆಯಿಂದ ಏಳುವ ಬದಲು ಮೂಳೆಗೆ ಉಜ್ಜುತ್ತಾ ಎದ್ದಿತು. ತಂಬೂರಿಯ ಹಾಗೆ ಜುಂಯ್ ಎಂದು ಸದ್ದು. ಎರಡನೆಯದರಲ್ಲಿ ಅರ ಜಾರಿತು. ಪಿಕಪ್ ವಿಷಯ ಇನ್ನೂ ಕಷ್ಟ. 6.35ರ ಸ್ಲಾಟಿನಲ್ಲಿ 3.2ರ ಪಟ್ಟಿ. ಎರಡು ತಂತಿ ಜೋರು, ನಾಲ್ಕು ಮಂಕು. ಕೆಳಗೆ ಬೀಟೆಯ ಚಕ್ಕೆ ಇಟ್ಟೆ, ಮತ್ತೆ ತೆಗೆದೆ, ಮತ್ತೆ ಇಟ್ಟೆ. 7,200 ರೂಪಾಯಿಯ ಪಿಕಪ್ ಈಗ ಡ್ರಾಯರ್‌ನಲ್ಲಿದೆ. ಆದರೂ ಈ ಗಿಟಾರ್ ಹಿಡಿದು ಶ್ರುತಿಪೆಟ್ಟಿಗೆ ಜತೆ ಹಾಡಬಲ್ಲೆ. ಅದೇ ನನಗೆ ಬೇಕಿದ್ದದ್ದು.

ಶಿರಸಿ ಮರಗೆಲಸ:
ಮೇಡಂ, ಬೆರಳು ಸ್ವಲ್ಪ ಜೋರಾಗಿ ಒತ್ತಿದರೇ 4 ಸೆಂಟ್ ಏರುತ್ತದೆ. ಅದಕ್ಕಾಗಿ ಬ್ರಿಡ್ಜಿನ ನಡುವೆ ಕಾಲುವೆ ತೋಡಬೇಕಾ? ಅಷ್ಟು ಮೂಳೆ ತುಂಬಿದರೆ ತೂಕ ಎಲ್ಲಿ ಹೋಗುತ್ತದೆ? ಸದ್ದು ಮಂಕಾಗುವುದಿಲ್ಲವಾ?

ಬಸವನಗುಡಿ ಶ್ರುತಿ:
ತೂಕ ಮಾಡಿದ್ದೇನೆ. ನನ್ನದು 8.6 ಗ್ರಾಂ. ಹಳೆಯ 3.2ರದ್ದು 4.3. ನಾಲ್ಕು ಗ್ರಾಂಗೆ ನನ್ನ ಗಿಟಾರ್ ಮಂಕಾಗಿಲ್ಲ. ಬೇಕಾದರೆ ಮನೆಗೆ ಬಂದು ಕೇಳಿ. ನಿಮ್ಮ ಕಿವಿಗೆ ಸಾಕು ಎಂದರೆ ನಿಮಗೆ ಸಾಕು. ನನ್ನ ಕಿವಿಗೆ ಸಾಲದು ಎಂದು ಹೇಳಲು ನೀವು ಯಾರು?

ಮೈಸೂರು ವೀಣೆ ಕೆಲಸ:
ಸ್ಯಾಡಲ್ ಬಗ್ಗೆ ಹೇಳಲು ಬಂದವನಲ್ಲ. ತಂಬೂರಿ ಮಾತಿಗೆ ಬಂದೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಇದೇ ಕೆಲಸ. ತಂಬೂರಿಯ ಝೇಂಕಾರವನ್ನು ಹಾಳಾದ ಮೂಳೆಯ ಸದ್ದಿಗೆ ಹೋಲಿಸಬೇಡಿ, ತಾಯಿ. ಅದರ ಕುದುರೆಯನ್ನು, ಅಂದರೆ ಬ್ರಿಡ್ಜನ್ನು, ಚಪ್ಪಟೆ ಬಿಟ್ಟಿರುವುದಿಲ್ಲ. ಅದರ ಬೆನ್ನಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರು ಇರುತ್ತದೆ. ತಂತಿ ಅದರ ಮೇಲೆ ಸವರಿಕೊಂಡು ಹೋಗಬೇಕು. ಆಮೇಲೆ ದಾರ ಸಿಕ್ಕಿಸಿ, ಅದನ್ನು ಅಕ್ಕಿಕಾಳಿನಷ್ಟು ಹಿಂದೆ ಮುಂದೆ ಮಾಡಿ ನಾದ ಬಿಡಿಸುತ್ತೇವೆ. ನಮ್ಮ ತಂದೆ ಒಂದು ಕುದುರೆಗೆ ಎರಡು ದಿನ ಕೂತದ್ದನ್ನು ನೋಡಿದ್ದೇನೆ. ವೀಣೆಯ ಕುದುರೆ ಮೇಲಿನ ಹಿತ್ತಾಳೆ ತಗಡಿಗೂ ಹಾಗೇ ಕೈ ಬೇಕು. ನಿಮ್ಮ ಗಿಟಾರಿಗೆ ಬೇಕಾದದ್ದು ಒಂದು ಚೂಪು ಗೆರೆ. ಎರಡೂ ಬೇರೆ ಕೆಲಸ. ಒಂದರ ಹೆಸರಿನಿಂದ ಇನ್ನೊಂದರ ತಪ್ಪನ್ನು ಕರೆಯುವುದು ನನಗೆ ನೋವಾಗುತ್ತದೆ.

ಬಸವನಗುಡಿ ಶ್ರುತಿ:
ಕ್ಷಮಿಸಿ. ನಮ್ಮ ಮನೆಯ ತಂಬೂರಿಗೆ ದಿನಾ ನಮಸ್ಕಾರ ಮಾಡಿಯೇ ಕೂರುತ್ತೇನೆ. ಹಾಗೆ ಬರೆಯಬಾರದಿತ್ತು.

ಟೊರಾಂಟೊ ಕನ್ನಡಿಗ:
ಬಸವನಗುಡಿಯವರ ಅಂಕಿಗಳನ್ನು ಕಾಗದದ ಮೇಲೆ ಇಟ್ಟು ನೋಡಿದೆ. ಎರಡು ಇ ತಂತಿಗಳ ನಡುವೆ ಓರೆ ಗೆರೆ ಎಳೆದರೆ ಬಿ ಆ ಗೆರೆಯಿಂದ 0.8 ಹಿಂದೆ ಬೀಳುತ್ತದೆ. ಜಿ 0.9 ಮುಂದೆ ಬೀಳುತ್ತದೆ. ಒಟ್ಟು 1.7 ಮಿ.ಮೀ. ಇದು 3.2ರ ಒಳಗೆ ಆರಾಮಾಗಿ ಕೂರುತ್ತದೆ. ನಿಮ್ಮ ಮೊದಲ ಗಿಟಾರ್ ಕೆಟ್ಟದ್ದು 3.2ರಿಂದ ಅಲ್ಲ. ಸ್ಲಾಟ್ ಕೊರೆದ ಜಾಗ ತಪ್ಪಾಗಿತ್ತು.

ನಾನೂ ಮೊದಲನೆಯದರಲ್ಲಿ ಅದೇ ತಪ್ಪು ಮಾಡಿದೆ. ಪುಸ್ತಕದ ಅಳತೆ ನಂಬಿ ಮೊದಲೇ ಕೊರೆದೆ, ಆಮೇಲೆ ಬ್ರಿಡ್ಜ್ ಅಂಟಿಸಿದೆ. ಕ್ಲ್ಯಾಂಪ್ ಬಿಗಿಯುವಾಗ ಅದು ಅಂಟಿನ ಮೇಲೆ 1 ಮಿ.ಮೀ. ಜಾರಿತ್ತು. ಈಗ ಸ್ಲಾಟ್ ಇಲ್ಲದ ಬ್ರಿಡ್ಜನ್ನೇ ಅಂಟಿಸುತ್ತೇನೆ. ತಂತಿ ಕಟ್ಟಿ, ಪ್ರತಿ ತಂತಿಯ ಕೆಳಗೆ 3 ಮಿ.ಮೀ. ಉಕ್ಕಿನ ಕಡ್ಡಿಯ ಚಿಕ್ಕ ತುಂಡು ಇಡುತ್ತೇನೆ. 12ನೇ ಫ್ರೆಟ್‌ನ ಹಾರ್ಮೋನಿಕ್ (ಒತ್ತದೆ ಬೆರಳು ಸೋಕಿಸಿ ಹೊರಡಿಸುವ ಸ್ವರ) ಮತ್ತು ಒತ್ತಿದ ಸ್ವರ ಒಂದೇ ಆಗುವ ತನಕ ತುಂಡನ್ನು ಸರಿಸಿ ಪೆನ್ಸಿಲ್ ಗುರುತು ಹಾಕುತ್ತೇನೆ. ಆರು ಗುರುತು ಆದ ಮೇಲೆ ಸ್ಲಾಟ್ ಎಲ್ಲಿ, ಎಷ್ಟು ಅಗಲ ಎಂದು ಗೊತ್ತಾಗುತ್ತದೆ. ಅಂಟಿಸಿದ ಬ್ರಿಡ್ಜ್ ಮೇಲೆ ಕೊರೆಯಲು ರೂಟರ್‌ಗೆ ಒಂದು ಜಿಗ್ (ಅದನ್ನು ನೇರ ಓಡಿಸುವ ಚೌಕಟ್ಟು) ಬೇಕು. ಪ್ಲೈವುಡ್, ಬೋಲ್ಟ್, ಹಳಿ ಎಲ್ಲ ಸೇರಿ ನನಗೆ 140 ಡಾಲರ್ ಆಯಿತು.

ಇದರಲ್ಲೂ ಏಟು ತಿಂದಿದ್ದೇನೆ. ಮೊದಲ ಸಲ ಅಳೆದದ್ದು ಜನವರಿಯಲ್ಲಿ. ಹೀಟರ್ ಹಾಕಿದ ಮನೆ, ತೇವಾಂಶ 22 ಪರ್ಸೆಂಟ್. ಹಲಗೆ ಒಣಗಿ ತಗ್ಗಿತ್ತು, ತಂತಿ ಫ್ರೆಟ್‌ಗೆ ಹತ್ತಿರ ಬಂದಿತ್ತು. ಜುಲೈಯಲ್ಲಿ ಹಲಗೆ ಎದ್ದಿತು, ಆರೂ ತಂತಿ ಏರು. ಒಂದು ಸ್ಯಾಡಲ್ ಎಸೆದೆ. ಈಗ ಗಿಟಾರನ್ನು ಎರಡು ವಾರ 45 ಪರ್ಸೆಂಟ್‌ನಲ್ಲಿ ಇಟ್ಟು ಆಮೇಲೆ ಅಳೆಯುತ್ತೇನೆ. ನನ್ನದು 4.8. ತಂತಿಯ ಗೆರೆ ಮೂಳೆಯ ತೀರಾ ಅಂಚಿಗೆ ಬಂದರೆ ಅಲ್ಲಿ ಬೇಗ ಸವೆಯುತ್ತದೆ. ಅದಕ್ಕೆ ಎರಡೂ ಕಡೆ ಒಂದಿಷ್ಟು ಉಳಿಯಲಿ ಎಂದು ಇಟ್ಟೆ.

ಬಸವನಗುಡಿ ಶ್ರುತಿ:
ನನ್ನ ಅಂಕಿ ತೆಗೆದುಕೊಂಡು ನನಗೇ ಪಾಠ ಹೇಳುತ್ತೀರಾ? ಆಯಿತು, ಸ್ಲಾಟ್ ಜಾಗ ತಪ್ಪಿತ್ತು ಎಂದೇ ಇಟ್ಟುಕೊಳ್ಳಿ. ಮೊದಲ ಗಿಟಾರಿನಲ್ಲಿ ಯಾರಿಗೆ ತಪ್ಪುವುದಿಲ್ಲ? ನಿಮಗೂ 1 ಮಿ.ಮೀ. ತಪ್ಪಿತು. ಅದಕ್ಕೇ ಅಗಲ ಬೇಕು ಎನ್ನುವುದು. 6.35 ಇದ್ದರೆ ಜಾಗ ತಪ್ಪಿದರೂ ಮೂಳೆ ಸಿಗುತ್ತದೆ. 140 ಡಾಲರ್ ಜಿಗ್ ಕಟ್ಟಲು ಎಲ್ಲರಿಗೂ ಗ್ಯಾರೇಜ್ ಇರುವುದಿಲ್ಲ. ನಾನು ಕೆಲಸ ಮಾಡುವುದು ಎರಡನೇ ಮಹಡಿಯ ಬಾಲ್ಕನಿಯಲ್ಲಿ.

ಟೊರಾಂಟೊ ಕನ್ನಡಿಗ:
ಅಷ್ಟು ಅಗಲ ಬೇಕೇ ಬೇಕಿದ್ದರೆ ಲೋಡನ್, ಟಕಮಿನೆ ಕಂಪನಿಗಳು ಮಾಡುವ ಹಾಗೆ ಎರಡು ತುಂಡಿನ ಸ್ಯಾಡಲ್ ಮಾಡಬಹುದಿತ್ತು. ಎರಡೂ ತುಂಡು ತೆಳ್ಳಗೇ ಇರುತ್ತವೆ.

ಹಾಸನ ಕಾಫಿ:
ಎಲ್ಲರೂ ಮೂಳೆ ಮೂಳೆ ಎನ್ನುತ್ತೀರಿ. ನಮ್ಮ ಮನೆಯೊಳಗೆ ಮೂಳೆ ತರುವ ಹಾಗಿಲ್ಲ. ನಾನು ಟಸ್ಕ್ (ಕೃತಕ ದಂತ) ಹಾಕಿದ್ದೇನೆ. 3.2, ಎಲ್ಲ ಕಡೆ ಒಂದೇ ಗಟ್ಟಿ, ಒಳಗೆ ಮೆತ್ತಗಿನ ಜಾಗ ಇಲ್ಲ. ಐದು ವರ್ಷದಿಂದ ಚೆನ್ನಾಗಿದೆ.

ಶಿರಸಿ ಮರಗೆಲಸ:
ಪ್ಲಾಸ್ಟಿಕ್ ಹಾಕುವುದಾದರೆ ಬೀಟೆ ಯಾಕೆ, ಸ್ಪ್ರೂಸ್ ಯಾಕೆ?

ಹಾಸನ ಕಾಫಿ:
ಬೀಟೆ ಮಾತು ನೀವು ಎತ್ತಬೇಡಿ. ನಮ್ಮ ತೋಟದಲ್ಲಿ ನಾವೇ ಕಾಯ್ದ ಬೀಟೆ ಮರ ಗಾಳಿಗೆ ಬಿತ್ತು. ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ ಒಂದು ತುಂಡೂ ಮುಟ್ಟುವಂತಿಲ್ಲ. 1969ರಲ್ಲಿ ಮಾರ್ಟಿನ್‌ನವರು ಬ್ರೆಜಿಲ್ ರೋಸ್‌ವುಡ್ ಬಿಟ್ಟು ಭಾರತದ ಬೀಟೆ ಹಿಡಿದರು. ಅಲ್ಲಿಂದ ಇದು ಎಲ್ಲೆಲ್ಲೋ ಗಿಟಾರ್ ಆಯಿತು. ಮರ ಬೆಳೆದ ಊರಿನವನು ಬ್ರಿಡ್ಜಿಗೆ ಒಂದು ಗೇಣು ತುಂಡು ಬೇಕೆಂದರೆ ಕಚೇರಿ ಮೆಟ್ಟಿಲು ಹತ್ತಬೇಕು.

ಟೊರಾಂಟೊ ಕನ್ನಡಿಗ:
ಹೊರಗೂ ಸುಲಭ ಇರಲಿಲ್ಲ. 2017ರಲ್ಲಿ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿಸಿದ ಮೇಲೆ ಬೀಟೆ ಗಿಟಾರ್ ಗಡಿ ದಾಟಿಸಿ ಮಾರಲು ಕಾಗದ ಬೇಕಾಗಿತ್ತು. 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹಲಗೆಗೆ ಈಗಲೂ ಬೇಕು.

ಶಿರಸಿ ಮರಗೆಲಸ:
ನನ್ನದು ಅಜ್ಜನ ಬಾಗಿಲು ಎಂದು ಮೊದಲೇ ಬರೆದಿದ್ದೇನೆ. ಕದ್ದು ಕಡಿದದ್ದಲ್ಲ. ಆ ಮಾತಿನ ಧಾಟಿ ನನಗೆ ಹಿಡಿಸಲಿಲ್ಲ.

ಹಾಸನ ಕಾಫಿ:
ನಿಮ್ಮ ಮೇಲೆ ಹೊರಿಸಲಿಲ್ಲ ಸ್ವಾಮಿ. ನಮ್ಮ ಮರ ಇನ್ನೂ ಬಿದ್ದಲ್ಲೇ ಗೆದ್ದಲು ಹಿಡಿಯುತ್ತಿದೆ. ಆ ಸಂಕಟಕ್ಕೆ ಬರೆದೆ.

ಮೈಸೂರು ವೀಣೆ ಕೆಲಸ:
ನಮಗೆ ಹಲಸು. ಅದಕ್ಕೆ ಈ ತಾಪತ್ರಯ ಇಲ್ಲ. ಮಂಡ್ಯದವರಿಗೆ ಒಂದೇ ಮಾತು. ಎಷ್ಟು ದಪ್ಪ ಇಟ್ಟರೂ ತಳ ನುಣ್ಣಗೆ ಕೂರಲಿ. ಸ್ಲಾಟಿನ ತಳಕ್ಕೆ ಪೆನ್ಸಿಲ್ ಪುಡಿ ಸವರಿ ಮೂಳೆ ಒತ್ತಿ ನೋಡಿ. ಪುಡಿ ಎಲ್ಲ ಕಡೆ ಹತ್ತಬೇಕು.

ಮಂಡ್ಯದ ಹೊಸಬ:
ಎಲ್ಲರಿಗೂ ಧನ್ಯವಾದ. ನಿನ್ನೆ ಸ್ಲಾಟ್ ಇಲ್ಲದೆಯೇ ಬ್ರಿಡ್ಜ್ ಅಂಟಿಸಿದೆ. ಸೈಕಲ್ ಅಂಗಡಿಯಿಂದ 3 ಮಿ.ಮೀ. ಕಡ್ಡಿ ತಂದು ಆರು ತುಂಡು ಮಾಡಿ ಇಟ್ಟಿದ್ದೇನೆ. ಈ ಭಾನುವಾರ ತಂತಿ ಕಟ್ಟಿ ಅಳೆಯುತ್ತೇನೆ. 3.2 ಮತ್ತು 4.8 ಎರಡೂ ಬಿಟ್ ಇವೆ, ಗುರುತು ನೋಡಿ ಯಾವುದೆಂದು ಹೇಳುತ್ತೇನೆ.

ಶಿರಸಿ ಮರಗೆಲಸ:
ಈ ಭಾನುವಾರ ಬೇಡ. ಮಂಡ್ಯದಲ್ಲೂ ಮಳೆ ಹಿಡಿದಿದೆ ಅಲ್ವಾ? ಮಳೆ ಬಿಡಲಿ, ಹಲಗೆ ಆರಲಿ. ಆಮೇಲೆ ಅಳೆಯಿರಿ.