ಸಹಾಯ ಬೇಕು: ಭೇದಿಯಿಂದ ಎದ್ದ ಟರ್ಕಿ ಮರಿಗಳಿಗೆ ಈಗ ಲಸಿಕೆ ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ಯಲಹಂಕದ ಹತ್ರ ಮನೆ ಹಿಂದಿನ ಶೆಡ್ಡಲ್ಲಿ 40 ಟರ್ಕಿ ಮರಿ ತಂದು ಸಾಕ್ತಿದ್ದೆ. ಈಗ ಅವಕ್ಕೆ 24 ದಿನ. ಎರಡನೇ ವಾರದಲ್ಲಿ ಭೇದಿ ಶುರುವಾಯ್ತು, ಹಳದಿ ನೀರು, ನೊರೆ ನೊರೆ. ಬಲ್ಬ್ ಕೆಳಗೆ ಒಂದರ ಮೇಲೊಂದು ಬಿದ್ಕೊಂಡು ಕೀಚ್ ಕೀಚ್ ಅಂತಿದ್ವು, ಫೀಡ್ ಬಿಟ್ಟು ನೆಲದ ಭತ್ತದ ಹೊಟ್ಟು ಹೆಕ್ಕುತ್ತಿದ್ವು. ಒಂಬತ್ತು ಹೋದ್ವು. ಉಳಿದವು ತಿನ್ತಿವೆ, ಆದ್ರೆ ಕೈಯಲ್ಲಿ ಹಿಡಿದ್ರೆ ಎದೆಮೂಳೆ ಚೂಪಾಗಿ ತಾಗುತ್ತೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಸತ್ತ ಎರಡನ್ನ ಹೆಬ್ಬಾಳದ ಪಶು ಆಸ್ಪತ್ರೆಗೆ ತಗೊಂಡು ಹೋಗಿದ್ದೆ. ಡಾಕ್ಟರು ಕೊಯ್ದು ತೋರಿಸಿದ್ರು: ಕರುಳು ತೆಳ್ಳಗಾಗಿ ನೀರು, ಗಾಳಿ ತುಂಬಿತ್ತು. ಅದಕ್ಕಿಂತ ಗಾಬರಿ ಆಗಿದ್ದು, ಬಾಲದ ಹತ್ರದ ಬರ್ಸಾ, ಕತ್ತಿನ ಎರಡೂ ಬದಿಯ ಥೈಮಸ್ ಸುರುಟಿಹೋಗಿದ್ದು. ರೋಗದ ಜೊತೆ ಹೋರಾಡೋ ಬಿ ಕಣಗಳು ಬರ್ಸಾದಲ್ಲಿ, ಟಿ ಕಣಗಳು ಥೈಮಸ್‌ನಲ್ಲಿ ತಯಾರಾಗೋದು. ಟರ್ಕಿ ಕೊರೋನಾ, ಆಸ್ಟ್ರೋ ವೈರಸ್‌ಗಳು ಈ ವಯಸ್ಸಲ್ಲೇ ಹೊಡೆಯುತ್ತವೆ, ಭೇದಿ ನಿಂತ ಮೇಲೂ ಮರಿ ಇ. ಕೋಲಿಯಂಥ ಬ್ಯಾಕ್ಟೀರಿಯಾ ಸೋಂಕಿಗೆ ಸುಲಭವಾಗಿ ಬೀಳುತ್ತೆ ಅಂದ್ರು.

ನನ್ನ ಪ್ರಶ್ನೆ ಇಷ್ಟೇ. ರಾಣಿಖೇತ್ (ಕೋಳಿ, ಟರ್ಕಿಗಳಲ್ಲಿ ಒಂದರಿಂದ ಒಂದಕ್ಕೆ ಹರಡೋ ವೈರಸ್ ರೋಗ) ಲಸಿಕೆಯ ಎರಡನೇ ಡೋಸ್ ಬಾಕಿ ಇದೆ. ಬರ್ಸಾನೇ ಸೊರಗಿರೋವಾಗ ಲಸಿಕೆ ಹತ್ತುತ್ತಾ? ಹಾಕದೇ ಬಿಡೋಕೂ ಭಯ, ಪಕ್ಕದಲ್ಲೇ ನಾಟಿ ಕೋಳಿ ಓಡಾಡ್ತವೆ. ಟರ್ಕಿ ಸಾಕಿದ ಅಣ್ಣಂದಿರು, ಅಕ್ಕಂದಿರು, ಪಶುವೈದ್ಯರು ಯಾರಾದ್ರೂ ಇದ್ರೆ ಹೇಳಿ: ಚೇತರಿಸಿಕೊಂಡ ಮೇಲೆ ಎಷ್ಟು ದಿನ ಬಿಟ್ಟು ಹಾಕಿದ್ರಿ? ನೆಲದ ಹಳೇ ಹೊಟ್ಟನ್ನೆಲ್ಲ ತೆಗೆದು ಸುಣ್ಣ ಹೊಡೆದಿದ್ದೀನಿ. ಹಿಕ್ಕೆಯ ಫೋಟೋ ಬೇಕಂದ್ರೆ ಈಗಲೇ ಕಳಿಸ್ತೀನಿ.